ಸದ್ದಿಲ್ಲದ ಫ್ಯಾನಿನ ಒಳಗಿನ ಲೆಕ್ಕ

ಮಾರ್ಚ್ ತಿಂಗಳಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಮನೆಗಾದರೂ ಹೋಗಿ ನೋಡಿ. ಅಡಿಕೆ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಆಚೀಚೆಯ ಪಂಪುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ವೋಲ್ಟೇಜ್ ಇಳಿಯುತ್ತದೆ. ಚಾವಡಿಯ ಹಳೆಯ ಫ್ಯಾನ್ ಸುಮ್ನೆ ನೆಪಕ್ಕೆ ತಿರುಗುತ್ತದೆ, ಗಾಳಿ ಕೆಳಗೆ ಬರುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ಹೊಸ ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ, ಅಂದರೆ ಉಜ್ಜುವ ಬ್ರಶ್ ಇಲ್ಲದ ಮೋಟಾರಿನ) ಫ್ಯಾನ್ ಇದ್ದರೆ ಅದರ ವೇಗ ಒಂದಿಷ್ಟೂ ತಗ್ಗಿರುವುದಿಲ್ಲ. ರಾತ್ರಿ ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಮೇಲೂ ಹಾಗೆಯೇ. ಹಳೆಯದು ಗುಂಯ್ ಅನ್ನುತ್ತದೆ, ಹೊಸದಕ್ಕೆ ಸದ್ದೇ ಇಲ್ಲ.

ಯಾಕೆ ಹೀಗೆ ಅಂತ ಅಂಗಡಿಯಲ್ಲಿ ಕೇಳಿದರೆ, “ಒಳಗೆ ಮ್ಯಾಗ್ನೆಟ್ ಉಂಟು, ಅದಕ್ಕೆ ಕರೆಂಟ್ ಕಮ್ಮಿ ಸಾಕು” ಅನ್ನುತ್ತಾರೆ. ಮಾತು ಅರ್ಧ ಸರಿ. ಉಳಿದರ್ಧ ಇರುವುದು ಫ್ಯಾನಿನ ಬಟ್ಟಲಿನೊಳಗೆ ಕೂತ ಅಂಗೈಯಗಲದ ಬೋರ್ಡಿನಲ್ಲಿ. ಮ್ಯಾಗ್ನೆಟ್ ಅದೇ, ತಾಮ್ರದ ಕಾಯಿಲ್ ಅದೇ ಇದ್ದರೂ ಒಂದು ಬಿಎಲ್‌ಡಿಸಿ ಫ್ಯಾನ್ ರಾತ್ರಿ ಗೊಣಗಬಹುದು, ಇನ್ನೊಂದು ತೆಪ್ಪಗಿರಬಹುದು. ಯಾವ ಕಾಯಿಲ್‌ಗೆ, ಯಾವ ಕ್ಷಣದಲ್ಲಿ, ಎಷ್ಟು ಕರೆಂಟ್ ಅಂತ ತೀರ್ಮಾನಿಸುವ ಚಿಪ್ಪಿನಲ್ಲಿ ಆ ವ್ಯತ್ಯಾಸ ಇದೆ. ಸದ್ದು ಮತ್ತು ಪೋಲಾಗುವ ಕರೆಂಟ್, ಎರಡರ ಬೇರೂ ಹೆಚ್ಚಿನ ಮಟ್ಟಿಗೆ ಅಲ್ಲಿಯೇ.

ಮೊದಲು ಹಳೆಯ ಫ್ಯಾನಿನ ಕಥೆ ಮುಗಿಸೋಣ. ಅದರಲ್ಲಿ ಮ್ಯಾಗ್ನೆಟ್ ಇಲ್ಲ. ಕಾಯಿಲ್‌ನಲ್ಲಿ ಹುಟ್ಟುವ ಕಾಂತಕ್ಷೇತ್ರ ಸುತ್ತುತ್ತದೆ, ಅದು ರೋಟರಿನ, ಅಂದರೆ ತಿರುಗುವ ಭಾಗದ, ಅಲ್ಯೂಮಿನಿಯಂ ಸರಳುಗಳಲ್ಲಿ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟಿನಿಂದ ರೋಟರ್ ಕ್ಷೇತ್ರದ ಹಿಂದೆ ಓಡುತ್ತದೆ. ಯಾವಾಗಲೂ ಸ್ವಲ್ಪ ಹಿಂದೆ ಬಿದ್ದೇ ಓಡಬೇಕು, ಇಲ್ಲದಿದ್ದರೆ ಕರೆಂಟ್ ಹುಟ್ಟುವುದಿಲ್ಲ. ಹಿಂದೆ ಬಿದ್ದಷ್ಟೂ ರೋಟರ್ ಬಿಸಿ. ನಮ್ಮಲ್ಲಿ ‘ಕಂಡೆನ್ಸರ್’ ಅನ್ನುವ 2.5 ಮೈಕ್ರೋಫ್ಯಾರಡ್ ಡಬ್ಬಿ ಎರಡನೆಯ ಕಾಯಿಲ್‌ನ ಕರೆಂಟನ್ನು ಸ್ವಲ್ಪ ಮುಂದೆ ತಳ್ಳಿ ಕ್ಷೇತ್ರ ಸುತ್ತುವ ಹಾಗೆ ಮಾಡುತ್ತದೆ. ಈ ಬಗೆಯ ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 170 ಬಂದರೆ ಟಾರ್ಕ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನೀರು ಬಿಡುವ ಹೊತ್ತಿನ ಸೋಮಾರಿ ಫ್ಯಾನಿಗೆ ಇದೇ ಕಾರಣ. 1200 ಮಿಲಿಮೀಟರಿನ ಸಾಮಾನ್ಯ ಫ್ಯಾನ್ 70ರಿಂದ 80 ವ್ಯಾಟ್ ತಿನ್ನುತ್ತದೆ. ಎರಡು ಗಂಟೆ ಓಡಿದ ಮೇಲೆ ಅದರ ಹೊಟ್ಟೆ ಮುಟ್ಟಿ ನೋಡಿದರೆ ಅದರಲ್ಲಿ ಎಷ್ಟು ಶಾಖಕ್ಕೆ ಹೋಯಿತು ಅಂತ ಕೈಗೇ ತಿಳಿಯುತ್ತದೆ.

ಬಿಎಲ್‌ಡಿಸಿ ಮೋಟಾರಿನಲ್ಲಿ ರೋಟರಿಗೆ ಕಾಯಂ ಮ್ಯಾಗ್ನೆಟ್ ಅಂಟಿಸಿರುತ್ತಾರೆ. ಅಲ್ಲಿ ಕರೆಂಟ್ ಹುಟ್ಟಿಸುವ ಖರ್ಚೇ ಇಲ್ಲ. ಫ್ಯಾನಿನಲ್ಲಿ ಕಾಯಿಲ್ ನಡುವೆ ಸ್ಥಿರವಾಗಿ ನಿಂತು, ಮ್ಯಾಗ್ನೆಟ್ ಇರುವ ಹೊರಗಿನ ಕವಚ ರೆಕ್ಕೆ ಸಮೇತ ಸುತ್ತುತ್ತದೆ. 12 ಹಲ್ಲುಗಳ ಮೇಲೆ ಕಾಯಿಲ್, ಸುತ್ತ 14 ಮ್ಯಾಗ್ನೆಟ್ ಧ್ರುವಗಳು ಇರುವುದು ತುಂಬ ಬಳಕೆಯ ಜೋಡಿ. ಈ ಸಂಖ್ಯೆಗಳನ್ನು ಯಾರೋ ಲಾಟರಿ ಎತ್ತಿ ಆರಿಸಿದ್ದಲ್ಲ. ಕರೆಂಟ್ ಇಲ್ಲದಿರುವಾಗಲೂ ಮ್ಯಾಗ್ನೆಟ್ ಕಬ್ಬಿಣದ ಹಲ್ಲುಗಳಿಗೆ ಕಚ್ಚಿಕೊಳ್ಳಲು ನೋಡುತ್ತದೆ, ಕೈಯಿಂದ ತಿರುಗಿಸಿದರೆ ಕಟಕಟ ಅನ್ನುವುದು ಅದೇ. 12 ಮತ್ತು 8ರ ಜೋಡಿಯಲ್ಲಿ ಒಂದು ಸುತ್ತಿಗೆ ಇಂಥ 24 ಕಚ್ಚು. 12 ಮತ್ತು 14ರಲ್ಲಿ 84. ಸಂಖ್ಯೆ ಜಾಸ್ತಿಯಾದಷ್ಟೂ ಒಂದೊಂದು ಕಚ್ಚೂ ಸಣ್ಣದಾಗುತ್ತದೆ, ತಿರುಗುವುದು ನುಣುಪಾಗುತ್ತದೆ.

ಮಿಕ್ಸಿಯಲ್ಲಿ ಸವೆದ ‘ಕಾರ್ಬನ್’ ಬದಲಾಯಿಸಿದವರಿಗೆ ಒಂದು ಸಂಗತಿ ಗೊತ್ತು. ಅಲ್ಲಿ ಕಾರ್ಬನ್ ತುಂಡು ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತಾ, ಕಿಡಿ ಹಾರಿಸುತ್ತಾ, ಕರೆಂಟನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಬಿಎಲ್‌ಡಿಸಿಯಲ್ಲಿ ಆ ಕೆಲಸವನ್ನು ಎಲೆಕ್ಟ್ರಾನಿಕ್ ಸ್ವಿಚ್ಚುಗಳಂಥ ಆರು ಟ್ರಾನ್ಸಿಸ್ಟರುಗಳು ಮಾಡುತ್ತವೆ. ಕಾರ್ಬನ್ನಿಗೆ ಬುದ್ಧಿ ಬೇಡ, ಅದು ಸುತ್ತುವುದರ ಜತೆಗೇ ಜೋಡಿಸಿಕೊಂಡಿದೆ. ಟ್ರಾನ್ಸಿಸ್ಟರಿಗೆ ಯಾರಾದರೂ ಹೇಳಬೇಕು. ಈ ಯೋಚನೆ ಹೊಸದೇನಲ್ಲ. ವಿಲ್ಸನ್ ಮತ್ತು ಟ್ರಿಕಿ ಎಂಬ ಎಂಜಿನಿಯರುಗಳು 1962ರಲ್ಲೇ ಇಂಥ ಮೋಟಾರಿನ ಬಗ್ಗೆ ಪ್ರಬಂಧ ಮಂಡಿಸಿದ್ದರು. ಅದು ನಮ್ಮ ಮನೆಯ ಮಾಡಿಗೆ ಬಂದು ನೇತಾಡಲು ಅರ್ಧ ಶತಮಾನ ಹಿಡಿಯಿತು.

ಮೋಟಾರ್ ಹೇಗೆ ಯೋಚಿಸುತ್ತದೆ ಅಂತ ತಿಳಿಯಲು ರಿಪೇರಿ ಅಂಗಡಿಯಲ್ಲಿ ಒಂದು ಸಣ್ಣ ಪ್ರಯೋಗ ನೋಡಬಹುದು. ಬೋರ್ಡಿನಿಂದ ಕಾಯಿಲ್‌ನ ಮೂರು ವಯರುಗಳನ್ನು ಬಿಚ್ಚಿ ಬಿಡಬೇಕು. ಈಗ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಹಗುರವಾಗಿ ಸುತ್ತುತ್ತದೆ. ಆಮೇಲೆ ಆ ಮೂರು ವಯರುಗಳ ತುದಿಯನ್ನು ಒಟ್ಟಿಗೆ ತಿರುಚಿ ಮತ್ತೆ ತಿರುಗಿಸಿ. ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ ಗಟ್ಟಿಯಾಗುತ್ತದೆ, ಬಿಟ್ಟ ಕೂಡಲೇ ನಿಂತುಬಿಡುತ್ತದೆ. ಪ್ಲಗ್ಗೂ ಇಲ್ಲ, ಕರೆಂಟೂ ಇಲ್ಲ! ಮ್ಯಾಗ್ನೆಟ್ ಕಾಯಿಲ್‌ಗಳ ಎದುರು ಹಾದುಹೋದಾಗ ಅವುಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ತುದಿಗಳು ಕೂಡಿದ್ದರಿಂದ ಆ ವೋಲ್ಟೇಜ್ ಕರೆಂಟ್ ಹರಿಸುತ್ತದೆ, ಆ ಕರೆಂಟ್ ತಿರುಗುವುದನ್ನೇ ತಡೆಯುತ್ತದೆ. ವಯರುಗಳನ್ನು ಬಿಡಿಸಿ ಯಾವುದೇ ಎರಡಕ್ಕೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಇಟ್ಟರೆ, ಜೋರಾಗಿ ತಿರುಗಿಸಿದಷ್ಟೂ ಮುಳ್ಳು ಮೇಲೇರುವುದು ಕಾಣುತ್ತದೆ. ಇದಕ್ಕೆ ಬ್ಯಾಕ್ ಇಎಂಎಫ್ ಅನ್ನುತ್ತಾರೆ. ರೋಟರ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ಸುದ್ದಿಯೆಲ್ಲ ಇದರಲ್ಲೇ ಅಡಗಿದೆ. ಫ್ಯಾನಿನ ಚಿಪ್ಪು ಓದುವುದೂ ಇದನ್ನೇ.

ಇದನ್ನು ಓದಿ ಕಾಯಿಲ್‌ಗೆ ಕರೆಂಟ್ ಕೊಡುವ ಅತಿ ಸುಲಭದ ದಾರಿಗೆ ಸಿಕ್ಸ್ ಸ್ಟೆಪ್ ಅಂತ ಹೆಸರು. ಮೂರು ಕಾಯಿಲ್‌ಗಳಲ್ಲಿ ಒಂದು ಹೊತ್ತಿಗೆ ಎರಡಕ್ಕೆ ಮಾತ್ರ ಕರೆಂಟ್. ಮೂರನೆಯದು ಖಾಲಿ ಕೂತಿರುತ್ತದೆ, ಅದರ ಬ್ಯಾಕ್ ಇಎಂಎಫ್ ಸೊನ್ನೆ ದಾಟಿದ್ದನ್ನು ಚಿಪ್ಪು ಗಮನಿಸಿ ಮುಂದಿನ ಜೋಡಿಗೆ ಬದಲಾಯಿಸುತ್ತದೆ. ಒಂದು ಉತ್ತರ-ದಕ್ಷಿಣ ಜೋಡಿ ಹಾದುಹೋಗುವಷ್ಟರಲ್ಲಿ ಆರು ಬದಲಾವಣೆ. ಅಗ್ಗ, ಸರಳ. ತೊಂದರೆ ಏನಪ್ಪಾ ಅಂದರೆ, ಕರೆಂಟ್ ಮೆಟ್ಟಿಲುಮೆಟ್ಟಿಲಾಗಿ ಹಾರುತ್ತದೆ, ಆದರೆ ರೋಟರ್ ಹಾರುವುದಿಲ್ಲ, ಅದು ನಯವಾಗಿ ಸುತ್ತುತ್ತಿರುತ್ತದೆ. ಬ್ಯಾಕ್ ಇಎಂಎಫ್ ಅಲೆಯ ಆಕಾರದಲ್ಲಿದ್ದರೆ, ಒಂದು ಮೆಟ್ಟಿಲಿನ ನಡುವಿನಲ್ಲಿ ಸಿಗುವ ಟಾರ್ಕಿಗಿಂತ ಅದರ ಅಂಚಿನಲ್ಲಿ ಸಿಗುವುದು ಶೇಕಡಾ 13ರಷ್ಟು ಕಮ್ಮಿ. ಪ್ರತಿ ಬದಲಾವಣೆಗೂ ಒಂದು ಸಣ್ಣ ಕುಲುಕು.

ಈಗ ಲೆಕ್ಕ ಹಾಕಿ. 14 ಧ್ರುವ ಅಂದರೆ 7 ಜೋಡಿ. ಒಂದು ಸುತ್ತಿಗೆ 42 ಕುಲುಕು. ಫ್ಯಾನ್ ನಿಮಿಷಕ್ಕೆ 350 ಸುತ್ತು ತಿರುಗಿದರೆ ಸೆಕೆಂಡಿಗೆ 245 ಕುಲುಕು. 245 ಹರ್ಟ್ಜ್ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸದ್ದು. ಆ ಕುಲುಕು ಕೊಳವೆಯ ಮೂಲಕ ಮೇಲಕ್ಕೆ ಹತ್ತುತ್ತದೆ. ಕಾಂಕ್ರೀಟ್ ಸ್ಲ್ಯಾಬಿಗೆ ನೇತುಹಾಕಿದ್ದರೆ ಅಷ್ಟು ಗೊತ್ತಾಗದೆ ಹೋಗಬಹುದು. ಹಳೆಯ ಹಂಚಿನ ಮನೆಯಲ್ಲಿ ಅಟ್ಟದ ಹಲಗೆಯ ತೊಲೆಗೆ ಸಿಕ್ಕಿಸಿದ್ದರೆ ಇಡೀ ಹಲಗೆಯೇ ಗುನುಗುತ್ತದೆ. “ಮೋಟಾರ್ ಲೂಸ್ ಆಗಿದೆ” ಅಂತ ಬೋಲ್ಟ್ ಬಿಗಿ ಮಾಡಿಸುವವರಿದ್ದಾರೆ. ಬೋಲ್ಟ್ ಸರಿಯಾಗೇ ಇರುತ್ತದೆ. ರೆಕ್ಕೆ ಗಾಳಿಯನ್ನು ಕಡಿಯುವ ಸದ್ದು ಮಾತ್ರ ಬೇರೆ. ಅದು ಎಂಥ ಚಿಪ್ಪು ಹಾಕಿದರೂ ಹೋಗುವುದಿಲ್ಲ, ರೆಕ್ಕೆಯ ಬಾಗು ಬದಲಾಗಬೇಕು.

ಕುಲುಕು ಹೋಗಬೇಕಾದರೆ ಮೂರೂ ಕಾಯಿಲ್‌ಗಳಿಗೆ ಸದಾ ಕರೆಂಟ್ ಕೊಡಬೇಕು, ಅದೂ ಅಲೆಯಾಗಿ. ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯಬೇಕು. ಟ್ರಾನ್ಸಿಸ್ಟರಿಗೆ ತಿಳಿದಿರುವುದು ಆನ್ ಮತ್ತು ಆಫ್ ಮಾತ್ರ ಅಲ್ವಾ, ಅಲೆ ಎಲ್ಲಿಂದ? ಸೆಕೆಂಡಿಗೆ 20 ಸಾವಿರ ಸಲ ಆನ್-ಆಫ್ ಮಾಡುತ್ತಾ, ಪ್ರತಿ ಸಲ ಎಷ್ಟು ಹೊತ್ತು ಆನ್ ಇರಬೇಕು ಎನ್ನುವುದನ್ನು ಚೂರುಚೂರೇ ಬದಲಾಯಿಸುತ್ತಾರೆ. ಕಾಯಿಲ್‌ಗೆ ತಟ್ಟನೆ ಬದಲಾಗುವ ಗುಣ ಇಲ್ಲ, ಅದು ಈ ತುಂಡುಗಳನ್ನೆಲ್ಲ ಸೇರಿಸಿ ಸರಾಸರಿ ಮಾಡಿಕೊಳ್ಳುತ್ತದೆ. ಪಿಡಬ್ಲ್ಯುಎಂ ಅನ್ನುವುದು ಇದಕ್ಕೇ. 20 ಸಾವಿರವೇ ಯಾಕೆ ಅಂದರೆ ಮನುಷ್ಯರ ಕಿವಿ ಅಲ್ಲಿಗೆ ಮುಗಿಯುತ್ತದೆ. ಖರ್ಚು ಉಳಿಸಲು 8-10 ಸಾವಿರಕ್ಕೆ ಇಳಿಸಿದ ಬೋರ್ಡುಗಳೂ ಇವೆ, ಅವುಗಳಿಂದ ಸಣ್ಣಗೆ ಕೀಯ್ ಅನ್ನುವ ಸದ್ದು ಬರುತ್ತದೆ. ಮಕ್ಕಳಿಗೆ ಬೇಗ ಕೇಳಿಸುತ್ತದೆ, ಅಜ್ಜ-ಅಜ್ಜಿಯರಿಗೆ ಕೇಳುವುದೇ ಇಲ್ಲ. ಹಾಗಂತ ಇನ್ನೂ ಮೇಲೇರಿಸುತ್ತಾ ಹೋಗುವಂತಿಲ್ಲ. ಪ್ರತಿ ಆನ್-ಆಫ್‌ಗೂ ಟ್ರಾನ್ಸಿಸ್ಟರಿನಲ್ಲಿ ಸ್ವಲ್ಪ ಶಾಖ ಹುಟ್ಟುತ್ತದೆ.

ಅಲೆ ಕೊಟ್ಟರೂ ಮುಗಿಯಲಿಲ್ಲ. ಸರಿಯಾದ ಜಾಗದಲ್ಲಿ ಕೊಡಬೇಕು. ಬೀಸುವ ಕಲ್ಲು ತಿರುಗಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಗೂಟವನ್ನು ಸುತ್ತಿನ ದಾರಿಯಲ್ಲೇ ತಳ್ಳಿದರೆ ಕಲ್ಲು ತಿರುಗುತ್ತದೆ. ಅದೇ ಗೂಟವನ್ನು ಕಲ್ಲಿನ ನಡುವಿಗೆ ಒತ್ತಿದರೆ ರಟ್ಟೆ ನೋಯುತ್ತದೆ, ಹಿಟ್ಟು ಬೀಳುವುದಿಲ್ಲ. ಮೋಟಾರಿನ ಕರೆಂಟನ್ನೂ ಹೀಗೇ ಎರಡು ಪಾಲು ಮಾಡಿ ನೋಡಬಹುದು. ಮ್ಯಾಗ್ನೆಟ್ಟಿನ ದಿಕ್ಕಿಗೆ ಅಡ್ಡವಾಗಿರುವ ಪಾಲು ತಿರುಗಿಸುತ್ತದೆ. ಮ್ಯಾಗ್ನೆಟ್ಟಿನ ದಿಕ್ಕಿನಲ್ಲೇ ಇರುವ ಪಾಲು ಬರೀ ತಂತಿಯನ್ನು ಬಿಸಿ ಮಾಡುತ್ತದೆ. ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್, ಎಫ್‌ಒಸಿ ಅಂತ ಕರೆಯುವ ವಿಧಾನದಲ್ಲಿ ಚಿಪ್ಪು ಮೂರು ಕಾಯಿಲ್‌ಗಳ ಕರೆಂಟನ್ನು ಅಳೆದು, ರೋಟರಿನ ಜತೆಗೇ ಸುತ್ತುತ್ತಿರುವವರು ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಈ ಎರಡು ಪಾಲುಗಳಾಗಿ ಬದಲಾಯಿಸಿಕೊಳ್ಳುತ್ತದೆ. ಬೇಡದ ಪಾಲನ್ನು ಸೊನ್ನೆಗೆ ಹಿಡಿಯುತ್ತದೆ, ಬೇಕಾದ್ದನ್ನು ಎಷ್ಟು ಬೇಕೋ ಅಷ್ಟಕ್ಕೆ. ಆಮೇಲೆ ವಾಪಸ್ ಮೂರು ಕಾಯಿಲ್‌ಗಳ ಲೆಕ್ಕಕ್ಕೆ ತಿರುಗಿಸಿ ಆರು ಟ್ರಾನ್ಸಿಸ್ಟರುಗಳಿಗೆ ಅಪ್ಪಣೆ. ಇದೆಲ್ಲ ಸೆಕೆಂಡಿಗೆ ಸಾವಿರಾರು ಸಲ.

ಈ ಲೆಕ್ಕದ ಬುಡ ಮೋಟಾರ್ ಚಿಪ್ಪುಗಳಿಗಿಂತ ಎಷ್ಟೋ ಹಳೆಯದು. ದೊಡ್ಡ ಜನರೇಟರುಗಳನ್ನು ಅರ್ಥ ಮಾಡಿಕೊಳ್ಳಲು ರಾಬರ್ಟ್ ಪಾರ್ಕ್ 1929ರಲ್ಲಿ ಒಂದು ಭಾಗ ಬರೆದರು. ಇನ್ನೊಂದು ಭಾಗಕ್ಕೆ ಎಡಿತ್ ಕ್ಲಾರ್ಕ್ ಅವರ ಹೆಸರಿದೆ. ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಉದ್ಯೋಗಕ್ಕೆ ಸೇರಿದ ಮೊದಲ ಮಹಿಳೆ ಅವರು. ಮೋಟಾರ್ ನಡೆಸಲು ಇದನ್ನು ಬಳಸುವ ದಾರಿಯನ್ನು 1970ರ ದಶಕದ ಶುರುವಿನಲ್ಲಿ ಸೀಮೆನ್ಸಿನ ಫೆಲಿಕ್ಸ್ ಬ್ಲಾಷ್ಕೆ ತೋರಿಸಿದರು. ಆಗ ಕಾರ್ಖಾನೆಯ ದೊಡ್ಡ ಮೋಟಾರುಗಳಿಗೆ ಬೇಕಾಗಿದ್ದ ಲೆಕ್ಕ ಈಗ ಉಗುರಿನಷ್ಟಗಲದ ಚಿಪ್ಪಿನಲ್ಲಿ ನಡೆಯುತ್ತಿದೆ.

ಆ ಚಿಪ್ಪು ನಿಜಕ್ಕೂ ಏನೇನು ಹೊತ್ತುಕೊಂಡಿದೆ ನೋಡಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ ಎಂಸಿಎಫ್8316 ಎಂಬ ಐಸಿಯಲ್ಲಿ ಆರು ಟ್ರಾನ್ಸಿಸ್ಟರುಗಳೂ ಒಳಗೇ ಇವೆ, ಎಫ್‌ಒಸಿ ಲೆಕ್ಕವೂ ಒಳಗೇ ಇದೆ. 4.5ರಿಂದ 35 ವೋಲ್ಟ್‌ವರೆಗೆ ನಡೆಯುತ್ತದೆ, 8 ಆಂಪಿಯರ್‌ವರೆಗಿನ ಕರೆಂಟ್ ತಡೆದುಕೊಳ್ಳುತ್ತದೆ. ಬೋರ್ಡ್ ಮಾಡುವವರು ಕೋಡ್ ಬರೆಯಬೇಕಿಲ್ಲ, ಮೋಟಾರಿನ ಗುಣಗಳನ್ನು ತುಂಬಿದರೆ ಸಾಕು. ಅದೇ ಕಂಪನಿಯ ಹಳೆಯ ಡಿಆರ್‌ವಿ10983 ಸೈನ್ ಅಲೆ ಕೊಡುವಂಥದ್ದು. ಎಸ್‌ಟಿಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ಎಸ್‌ಟಿಸ್ಪಿನ್32ಎಫ್0 ಬೇರೆ ಜಾತಿ, ಒಳಗೆ ಮೈಕ್ರೋಕಂಟ್ರೋಲರ್ ಮತ್ತು ಗೇಟ್ ಡ್ರೈವರ್ ಇದೆ, ಟ್ರಾನ್ಸಿಸ್ಟರುಗಳನ್ನು ಹೊರಗೆ ಹಾಕಬೇಕು, ಪ್ರೋಗ್ರಾಂ ನಾವೇ ಬರೆಯಬೇಕು.

ಚಿಪ್ಪಿನ ಅಪ್ಪಣೆಯಂತೆ ಟ್ರಾನ್ಸಿಸ್ಟರುಗಳನ್ನು ಆನ್-ಆಫ್ ಮಾಡುವ ಗೇಟ್ ಡ್ರೈವರ್ ಅನ್ನುವುದು ಕಣ್ಣಿಗೆ ಬೀಳದ ಕೂಲಿಯಾಳು. ಒಂದು ಕಾಯಿಲ್‌ಗೆ ಮೇಲೊಂದು, ಕೆಳಗೊಂದು ಟ್ರಾನ್ಸಿಸ್ಟರ್. ಮೇಲಿನದನ್ನು ಆನ್ ಮಾಡಬೇಕಾದರೆ ಅದರ ಗೇಟಿಗೆ, ಅಂದರೆ ಆನ್-ಆಫ್ ಮಾಡುವ ತುದಿಗೆ, ಬೋರ್ಡಿನ 24 ವೋಲ್ಟಿನ ಸಪ್ಲೈಗಿಂತಲೂ ಹೆಚ್ಚು ವೋಲ್ಟೇಜ್ ಬೇಕು. ಎಲ್ಲಿಂದ ತರುವುದು? ಕೆಳಗಿನದು ಆನ್ ಇರುವಾಗ ಒಂದು ಪುಟ್ಟ ಕೆಪಾಸಿಟರ್ ತುಂಬಿಸಿಟ್ಟುಕೊಂಡು, ಸಮಯ ಬಂದಾಗ ಅದನ್ನೇ ಮೇಲಕ್ಕೆ ಎತ್ತಿ ಬಳಸುತ್ತಾರೆ. ಇನ್ನು, ಮೇಲಿನದೂ ಕೆಳಗಿನದೂ ಒಂದೇ ಕ್ಷಣ ಆನ್ ಆದರೆ ನೇರ ಶಾರ್ಟ್, ಟಪ್ ಅಂತ ಎರಡೂ ಹೋಗುತ್ತವೆ. ಅದಕ್ಕೇ ಒಂದನ್ನು ಆಫ್ ಮಾಡಿ ಸೂಕ್ಷ್ಮ ಸೆಕೆಂಡಿನಷ್ಟು ಕಾದು ಇನ್ನೊಂದನ್ನು ಆನ್ ಮಾಡುವುದು. ಈ ಕಾಯುವಿಕೆ ಜಾಸ್ತಿಯಾದರೆ ಅಲೆ ಸೊನ್ನೆ ದಾಟುವಲ್ಲಿ ವಕ್ರವಾಗುತ್ತದೆ. ಮತ್ತೆ ಸದ್ದು. ಒಳ್ಳೆಯ ಐಸಿಗಳು ಇದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ.

ಫ್ಯಾನ್ ಸ್ವಿಚ್ ಹಾಕಿದಾಗ ಮೊದಲು ಒಂದಿಂಚು ಹಿಂದಕ್ಕೆ ಸರಿದು ಆಮೇಲೆ ಮುಂದಕ್ಕೆ ಹೊರಡುವುದನ್ನು ನೋಡಿರಬಹುದು. ಹಾಳಾಗಿದೆ ಅಂತ ಗಾಬರಿ ಬೇಡ. ನಿಂತ ರೋಟರಿನಲ್ಲಿ ಬ್ಯಾಕ್ ಇಎಂಎಫ್ ಇಲ್ಲ, ಹಾಗಾಗಿ ಅದು ಎಲ್ಲಿದೆ ಅಂತ ಚಿಪ್ಪಿಗೆ ತಿಳಿಯುವುದಿಲ್ಲ. ಒಂದು ಜೋಡಿ ಕಾಯಿಲ್‌ಗೆ ಕರೆಂಟ್ ಕೊಟ್ಟು ರೋಟರನ್ನು ಗೊತ್ತಿರುವ ಜಾಗಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಕಣ್ಣುಮುಚ್ಚಿ ಮೆಲ್ಲಗೆ ತಿರುಗಿಸಿ, ಬ್ಯಾಕ್ ಇಎಂಎಫ್ ಕೈಗೆ ಸಿಕ್ಕಿದ ಮೇಲೆ ಲೆಕ್ಕದ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ಜಗಲಿಯ ಫ್ಯಾನ್ ಗಾಳಿಗೆ ತಾನಾಗೇ ಉಲ್ಟಾ ತಿರುಗುತ್ತಿರುತ್ತದೆ ನೋಡಿ, ಆಗ ಕಷ್ಟ ಇನ್ನೂ ಹೆಚ್ಚು. ಜಾಣ ಚಿಪ್ಪು ಮೊದಲು ದಿಕ್ಕು ನೋಡುತ್ತದೆ, ಬ್ರೇಕ್ ಹಾಕಿ ನಿಲ್ಲಿಸುತ್ತದೆ, ಆಮೇಲೆ ಹೊರಡುತ್ತದೆ. ಇದಿಲ್ಲದ ಬೋರ್ಡ್ ಎರಡು ಸಲ ಗಡಗಡಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್, ಆಟೋಗಳಲ್ಲಿ ಈ ಕಣ್ಣುಮುಚ್ಚಾಲೆ ನಡೆಯುವುದಿಲ್ಲ. ಜನ ಕೂತ ಆಟೋ ನಮ್ಮ ಗುಡ್ಡದ ಏರಿನಲ್ಲಿ ಒಂದಿಂಚು ಹಿಂದೆ ಸರಿದರೆ ಯಾರು ಒಪ್ಪುತ್ತಾರೆ? ಹಾಗಾಗಿ ಅಲ್ಲಿ ರೋಟರಿನ ಜಾಗ ನೇರವಾಗಿ ಹೇಳುವ ಹಾಲ್ ಸೆನ್ಸರುಗಳನ್ನು ಇಡುವುದು ರೂಢಿ.

ಮೋಟಾರಿನ ಗುಣಗಳನ್ನು ತುಂಬಬೇಕು ಅಂದೆನಲ್ಲ, ಆ ವಿಷಯಕ್ಕೆ ಬರುತ್ತೇನೆ. ಕಾಯಿಲ್‌ನ ರೆಸಿಸ್ಟೆನ್ಸ್, ವೇಗಕ್ಕೆ ತಕ್ಕಂತೆ ಹುಟ್ಟುವ ಬ್ಯಾಕ್ ಇಎಂಎಫ್, ಕರೆಂಟ್ ಎಷ್ಟು ಹಿಂದೆ ಬೀಳುತ್ತದೆ ಎನ್ನುವುದು, ಇವೆಲ್ಲ ಚಿಪ್ಪಿನ ನೆನಪಿನಲ್ಲಿ ಕೂತಿರುತ್ತವೆ. ತುಲಾ ತಿಂಗಳ ಸಿಡಿಲಿಗೆ ಬೋರ್ಡ್ ಹೋದ ಮೇಲೆ ನಡೆಯುವ ಮಾತುಕತೆ ಇಲ್ಲಿನ ಎಲ್ಲ ರಿಪೇರಿ ಅಂಗಡಿಗಳಲ್ಲೂ ಒಂದೇ ಥರ.

“ಭಟ್ರೆ, ಕಂಪನಿಯ ಬೋರ್ಡು ಬರುವುದಿಲ್ಲವಂತೆ. ಯೂನಿವರ್ಸಲ್ ಬೋರ್ಡು ಉಂಟು, ಹಾಕಲಾ?”

“ಹಾಕು ಮಾರಾಯ, ಎಂತದಾದರೂ ತಿರುಗಿದರೆ ಸಾಕು.”

ತಿರುಗುತ್ತದೆ, ನಿಜ. ಆದರೆ ಆ ಬೋರ್ಡ್ ಬೇರೆ ಯಾವುದೋ ಮೋಟಾರಿನ ಗುಣ ನಂಬಿಕೊಂಡಿರುತ್ತದೆ, ಇಲ್ಲವೇ ಯಾವುದಕ್ಕಾದರೂ ಆಗಲಿ ಅಂತ ಒರಟು ಸಿಕ್ಸ್ ಸ್ಟೆಪ್‌ನಲ್ಲಿ ಓಡಿಸುತ್ತದೆ. ಮೊದಲು 30 ವ್ಯಾಟ್ ತಿನ್ನುತ್ತಿದ್ದ ಫ್ಯಾನ್ ಅಷ್ಟೇ ಗಾಳಿಗೆ ಹೆಚ್ಚು ತಿನ್ನಲು ಶುರು ಮಾಡುತ್ತದೆ, ಮೊದಲಿಲ್ಲದ ಗುಂಯ್ ಬರುತ್ತದೆ. ಮ್ಯಾಗ್ನೆಟ್ ಹಳೆಯದೇ, ಕಾಯಿಲ್ ಹಳೆಯದೇ. ಹಳೆಯ ಕಂಡೆನ್ಸರ್ ಫ್ಯಾನನ್ನು ರಿವೈಂಡ್ ಮಾಡಿಸಿ ಮಕ್ಕಳ ಕಾಲದವರೆಗೂ ಓಡಿಸಿದ ಊರು ನಮ್ಮದು. ಬಿಡಿ ಬೋರ್ಡನ್ನು ಐದಾರು ವರ್ಷದವರೆಗಾದರೂ ಕೊಡದ ಕಂಪನಿಗಳ ಮೇಲೆ ಸಿಟ್ಟು ಬರುವುದು ಸಹಜ.

ಉಳಿತಾಯದ ಲೆಕ್ಕ ಬೇಗ ಮುಗಿಸುತ್ತೇನೆ. ಕೊಯಮತ್ತೂರಿನ ವರ್ಸಾ ಡ್ರೈವ್ಸ್ 2012ರಲ್ಲಿ ತಂದ ಸೂಪರ್‌ಫ್ಯಾನ್ 35 ವ್ಯಾಟಿನದು. ಈಗಿನವು 28-30ಕ್ಕೆ ಬಂದಿವೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ, ಒಂದು ವ್ಯಾಟಿಗೆ ಎಷ್ಟು ಗಾಳಿ ಎನ್ನುವುದೇ ಅಲ್ಲಿನ ಅಳತೆ. 75ರ ಬದಲು 30 ವ್ಯಾಟ್ ಆದರೆ, ದಿನಕ್ಕೆ 12 ಗಂಟೆಯಂತೆ 300 ದಿನಕ್ಕೆ ಒಂದು ಫ್ಯಾನಿನಿಂದ 162 ಯೂನಿಟ್ ಉಳಿಯುತ್ತದೆ. ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ ಬಿಲ್ಲಿನಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಸ್ಲ್ಯಾಬಿನ ಅನುಕೂಲ ತಪ್ಪಿ ಪೂರ್ತಿ ಯೂನಿಟ್ಟಿಗೂ ಒಂದೇ ಹೆಚ್ಚಿನ ದರ ಬೀಳುತ್ತದೆ. ಆ ಗೆರೆಯ ಹತ್ತಿರ ಇರುವ ಮನೆಗೆ ಮೂರು ಫ್ಯಾನ್ ಬದಲಾಯಿಸುವುದು ಸಣ್ಣ ವಿಷಯ ಅಲ್ಲ. ಕಮ್ಮಿ ವೇಗದಲ್ಲಿ ಲಾಭ ಇನ್ನೂ ದೊಡ್ಡದು. ಗಾಳಿ ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು. ಬೋರ್ಡಿನ ಸ್ವಂತ ಖರ್ಚು ಸೇರಿ 5-6 ವ್ಯಾಟಿನಲ್ಲಿ ರಾತ್ರಿ ಕಳೆಯಬಹುದು. ಹಳೆಯ ಫ್ಯಾನಿನಲ್ಲಿ ವೇಗ ಇಳಿಸಿದರೆ ರೋಟರ್ ಇನ್ನೂ ಹಿಂದೆ ಬೀಳುತ್ತದೆ, ಹಾಗಾಗಿ ಅಷ್ಟು ಉಳಿಯುವುದಿಲ್ಲ.

ಇನ್ವರ್ಟರ್ ವಿಷಯ ನಮ್ಮ ಕಡೆ ಇನ್ನೂ ಮುಖ್ಯ. ಜೂನ್-ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿಯಿಂದ ನಷ್ಟವೆಲ್ಲ ಕಳೆದು 1,100 ವ್ಯಾಟ್-ಅವರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ನಾಲ್ಕು ಹಳೆಯ ಫ್ಯಾನುಗಳಿಗೆ ಮೂರೂವರೆ ಗಂಟೆ, ನಾಲ್ಕು ಬಿಎಲ್‌ಡಿಸಿಗೆ ಒಂಬತ್ತು ಗಂಟೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ 50 ಹರ್ಟ್ಜ್ ಜತೆಗೆ 150, 250, 350 ಹರ್ಟ್ಜ್‌ಗಳೂ ಬರುತ್ತವೆ, ಹಳೆಯ ಮೋಟಾರಿನ ಕಾಯಿಲ್ ಅವನ್ನೆಲ್ಲ ಸದ್ದು ಮಾಡಿ ತೋರಿಸುತ್ತದೆ. ಬಿಎಲ್‌ಡಿಸಿ ಬೋರ್ಡಿನಲ್ಲಿ ಬಂದ ಕರೆಂಟನ್ನು ಮೊದಲು ಡಿಸಿ ಮಾಡಿ, ಹೆಚ್ಚಿನವುಗಳಲ್ಲಿ 24 ವೋಲ್ಟಿಗೆ ಇಳಿಸಿ, ಆಮೇಲೆ ಹೊಸದಾಗಿ ಅಲೆ ಕಟ್ಟುತ್ತಾರೆ. ಹೊರಗೆ 230 ಇರಲಿ 170 ಇರಲಿ, ಚೌಕವೋ ಅಲೆಯೋ, ಮೋಟಾರಿನವರೆಗೆ ಆ ಸುದ್ದಿ ಮುಟ್ಟುವುದಿಲ್ಲ.

ಗೋಡೆಯ ಹಳೆಯ ರೆಗ್ಯುಲೇಟರಿನ ಮೂಲಕ ಈ ಫ್ಯಾನಿಗೆ ಕರೆಂಟ್ ಕೊಡಬೇಡಿ, ಅದನ್ನು ತಪ್ಪಿಸಿ ನೇರ ಸ್ವಿಚ್ಚಿಗೆ ವಯರ್ ಮಾಡಿಸಿ. ರೆಗ್ಯುಲೇಟರ್ ಕತ್ತರಿಸಿ ಕೊಡುವ ಅಲೆ ಬೋರ್ಡಿನ ಪವರ್ ಸಪ್ಲೈಯನ್ನು ಹಾಳು ಮಾಡುತ್ತದೆ. ಸಿಡಿಲು ಶುರುವಾದರೆ ಸ್ವಿಚ್ ಮಾತ್ರ ಸಾಲದು, ಮೈನ್ ಆಫ್ ಮಾಡುವುದು ವಾಸಿ. ಇರುವೆಗಳೂ ಬೋರ್ಡಿನ ಬೆಚ್ಚನೆಯ ಜಾಗ ಇಷ್ಟಪಡುತ್ತವೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಊರಲ್ಲಿ ಉಪ್ಪುಗಾಳಿ ಬೇರೆ. ಬೋರ್ಡಿನ ಮೇಲೆ ವಾರ್ನಿಶ್‌ನಂಥ ಲೇಪ ಹಚ್ಚಿದ್ದಾರೋ ಅಂತ ನೋಡಿ ತಗೊಳ್ಳಿ.

ಪೆಟ್ಟಿಗೆಯ ಮೇಲೆ ವ್ಯಾಟ್, ಸ್ಟಾರ್, ರಿಮೋಟಿನ ಚಿತ್ರ ಎಲ್ಲ ಅಚ್ಚು ಹಾಕುತ್ತಾರೆ. ಸಿಕ್ಸ್ ಸ್ಟೆಪ್ಪೋ ಎಫ್‌ಒಸಿಯೋ ಅಂತ ಬರೆದದ್ದನ್ನು ಹುಡುಕಿದರೂ ಸಿಗುವುದು ಅಪರೂಪ. ಅಂಗಡಿಯಲ್ಲಿ ಫ್ಯಾನನ್ನು ಫುಲ್ ಸ್ಪೀಡಿನಲ್ಲಿ ಓಡಿಸಿ ತೋರಿಸುತ್ತಾರೆ, ಆಗ ರೆಕ್ಕೆಯ ಗಾಳಿಯ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಒಂದನೇ ಸ್ಪೀಡಿಗೆ ಇಳಿಸಲು ಹೇಳಿ, ಪಕ್ಕದ ಫ್ಯಾನುಗಳನ್ನು ಆಫ್ ಮಾಡಿಸಿ, ನೇತುಹಾಕಿದ ಕಂಬಿಗೆ ಕೈ ತಾಗಿಸಿ ನೋಡಿ. ನಡುಕ ಕೈಗೆ ಬಂದರೆ ಅದು ಮನೆಯ ತೊಲೆಗೂ ಬರುತ್ತದೆ.